ಸೈಂಟಾಲಜಿನಾ, ಕ್ರೈಸ್ತ ಧರ್ಮನಾ? ಯಾವುದು ಎಷ್ಟು ನಂಬೋ ಹಾಗಿದೆ ಅಂತ ತೂಗಿ ನೋಡೋದು ಹೇಗೆ

"ಎರಡೂ ಕಥೆನೇ ತಾನೆ? ಒಂದರಲ್ಲಿ ಶಿಲುಬೆ ಮೇಲೆ ಸತ್ತೋನು ಮೂರನೇ ದಿನ ಎದ್ದು ಬಂದ, ಇನ್ನೊಂದರಲ್ಲಿ ಏಳೂವರೆ ಕೋಟಿ ವರ್ಷದ ಹಿಂದೆ ಯಾವುದೋ ನಕ್ಷತ್ರಲೋಕದ ದೊರೆ ಕೋಟಿಗಟ್ಟಲೆ ಜನರನ್ನ ಭೂಮಿಗೆ ತಂದು ಕೊಂದ. ಮೊದಲನೇದನ್ನ ನಂಬೋರಿಗೆ ಮರ್ಯಾದೆ ಕೊಡ್ತೀರಿ, ಎರಡನೇದನ್ನ ನಂಬೋರನ್ನ ನೋಡಿ ನಗ್ತೀರಿ, ಇದ್ಯಾವ ನ್ಯಾಯ?" ಮೊದಲನೇ ಕಥೆ ಕ್ರೈಸ್ತ ಧರ್ಮದ್ದು, ಎರಡನೇದು ಸೈಂಟಾಲಜಿದು, ಅಂದ್ರೆ ಎಲ್. ರಾನ್ ಹಬ್ಬರ್ಡ್ ಅನ್ನೋ ಅಮೆರಿಕದ ಕಥೆಗಾರ 1950ರ ದಶಕದಲ್ಲಿ ಶುರು ಮಾಡಿದ ಧರ್ಮದ್ದು. ಪುಣೆ ಮುಂಬೈ ಕಡೆ ಇರೋ ನಮ್ಮ ಕನ್ನಡದ ಹುಡುಗ್ರ ಮಧ್ಯೆ ಈ ಮಾತು ಆಗಾಗ ಬರುತ್ತೆ, ಅದರಲ್ಲೂ ಹಿಂಜೆವಾಡಿ, ಪವಾಯಿಯಲ್ಲಿ ರೂಮ್ ಮಾಡ್ಕೊಂಡು ಒಂಟಿಯಾಗಿ ಇರೋರು, ರಾತ್ರಿ ಹೊತ್ತು ಮನಸ್ಸಿಗೆ ಏನೋ ಬೇಕು ಅನ್ನಿಸಿ ಹುಡುಕ್ತಾ ಕೂರೋರು ಇದನ್ನ ಸುಮ್ನೆ ವಾದಕ್ಕೆ ಕೇಳಲ್ಲ, ನಿಜವಾಗ್ಲೂ ತಿಳ್ಕೊಳ್ಳೋಕೆ ಕೇಳ್ತಾರೆ. ಅವರಿಗೋಸ್ಕರ ಇದನ್ನ ಬರೀತಿದೀನಿ. ನಾನು ಎರಡಕ್ಕೂ ಸೇರಿದೋನಲ್ಲ, ಮನೆಯಲ್ಲಿ ಲಿಂಗಪೂಜೆ ನಡೀತದೆ, ಆದ್ರೆ ಸುಮಾರು ವರ್ಷದಿಂದ ಎರಡನ್ನೂ ಓದ್ತಾ ಬಂದಿದೀನಿ, ಹಾಗಾಗಿ ನನಗೊಂದು ಖಚಿತ ಅಭಿಪ್ರಾಯ ಇದೆ, ಅದನ್ನ ಮುಚ್ಚಿಡಲ್ಲ.

ಮೊದಲೇ ಹೇಳ್ಬಿಡ್ತೀನಿ, ಆ ಹುಡುಗನ ಪ್ರಶ್ನೆ ಅರ್ಧ ಸರಿ ಇದೆ. ಕಥೆ ವಿಚಿತ್ರವಾಗಿದೆ ಅನ್ನೋ ಒಂದೇ ಕಾರಣಕ್ಕೆ ತಳ್ಳಿಹಾಕೋದು ತಪ್ಪು. ಕನ್ನಿಕೆಗೆ ಮಗು ಹುಟ್ಟೋದು ವಿಚಿತ್ರ, ಸತ್ತ ದೇಹ ಎದ್ದು ಊಟ ಮಾಡೋದು ವಿಚಿತ್ರ, ಒಬ್ಬನೇ ದೇವರು ಮೂರಾಗಿರೋದು ವಿಚಿತ್ರ, ನಮ್ಮ ಪುರಾಣಗಳ ಬಗ್ಗೆ ಹೊರಗಿನೋರು ಇದೇ ಮಾತು ಹೇಳಬಹುದು. ಹಳೇದು ಅಂತ ನಂಬೋದೂ ತಪ್ಪು. ರೋಮಿನ ಇತಿಹಾಸಕಾರ ಟ್ಯಾಸಿಟಸ್ ಸುಮಾರು ಕ್ರಿಸ್ತಶಕ 116ರಲ್ಲಿ ಬರೆಯುವಾಗ ಕ್ರೈಸ್ತರ ನಂಬಿಕೆನ ಹಾನಿಕಾರಕ ಮೂಢನಂಬಿಕೆ ಅಂತಲೇ ಕರೆದಿದ್ದ, ಅವತ್ತಿಗೆ ಅದು ಹೊಸದು, ಬೇರೆ ಊರಿಂದ ಬಂದದ್ದು, ಬಡವರ ಮಧ್ಯೆ ಹಬ್ಬಿದ್ದು. ಹೊಸದು ಅನ್ನೋದು ಸೈಂಟಾಲಜಿ ವಿರುದ್ಧ ಸಾಕ್ಷಿ ಆಗೋದಾದ್ರೆ ಅವತ್ತು ಕ್ರೈಸ್ತ ಧರ್ಮದ ವಿರುದ್ಧವೂ ಆಗ್ಬೇಕಿತ್ತು.

ನಮ್ಮೋರಿಗೆ ಇನ್ನೊಂದು ಬಲೆ ಇದೆ, ಇದನ್ನ ಯಾರೂ ಅಷ್ಟಾಗಿ ಹೇಳಲ್ಲ. ಸೈಂಟಾಲಜಿಯಲ್ಲಿ ಮನುಷ್ಯ ಅಂದ್ರೆ ದೇಹ ಅಲ್ಲ, ಥೇಟನ್ ಅನ್ನೋ ಸಾವಿಲ್ಲದ ಜೀವ, ಅದು ಜನ್ಮ ಜನ್ಮಕ್ಕೂ ದೇಹ ಬದಲಾಯಿಸ್ತಾ ಬರುತ್ತೆ, ಹಳೇ ಪೆಟ್ಟುಗಳು ಎನ್‌ಗ್ರಾಮ್ ಅನ್ನೋ ಹೆಸರಲ್ಲಿ ಮನಸ್ಸಿನೊಳಗೆ ಉಳ್ಕೊಂಡು ಈಗಿನ ಬದುಕನ್ನ ಕೆಡಿಸ್ತವೆ. ಇದನ್ನ ಕೇಳಿದ ತಕ್ಷಣ ನಮಗೆ ಆತ್ಮ, ಪುನರ್ಜನ್ಮ, ಸಂಸ್ಕಾರ, ವಾಸನೆ ಎಲ್ಲಾ ನೆನಪಾಗಿ "ಅಯ್ಯೋ ಇದು ನಮ್ಮದೇ ಮಾತು" ಅನ್ನಿಸಿಬಿಡುತ್ತೆ. ಅಮೆರಿಕದೋನಿಗೆ ವಿಚಿತ್ರ ಅನ್ನಿಸೋದು ನಮಗೆ ಮನೆ ಮಾತಾಗಿ ಕೇಳುತ್ತೆ, ಹಾಗಾಗಿ ಕಾವಲು ಇಳಿದುಹೋಗುತ್ತೆ. ಕ್ರೈಸ್ತ ಧರ್ಮದ ವಿಷಯದಲ್ಲೂ ಇದೇ ಇನ್ನೊಂದು ರೀತಿ ಆಗುತ್ತೆ. ಮಾಹಿಮ್ ಚರ್ಚಿನ ಬುಧವಾರದ ನೊವೆನಾ ಪ್ರಾರ್ಥನೆಗೆ ನಮ್ಮ ಉಡುಪಿ ಹೋಟೆಲಿನೋರೂ ಹೋಗ್ತಾರೆ, ಸೆಪ್ಟೆಂಬರ್ ಬಂತು ಅಂದ್ರೆ ಬಾಂದ್ರಾದ ಮೌಂಟ್ ಮೇರಿ ಜಾತ್ರೆಗೆ ಮೇಣದ ಕೈ, ಮೇಣದ ಮನೆ ಹರಕೆ ಒಪ್ಪಿಸೋರಲ್ಲಿ ಎಲ್ಲಾ ಜಾತಿಯೋರೂ ಇರ್ತಾರೆ, ಪಕ್ಕದ ಫ್ಲ್ಯಾಟಿನ ಮಂಗಳೂರು ಕ್ಯಾಥೋಲಿಕ್ ಬಾಯಮ್ಮ ಕ್ರಿಸ್‌ಮಸ್‌ಗೆ ಕುಸ್ವಾರ್ ತಿಂಡಿ ಕಳಿಸ್ತಾರೆ. ಜೊತೆಗೆ 1843ರಲ್ಲಿ ಮಂಗಳೂರು ಸಮಾಚಾರ ಪತ್ರಿಕೆ ಶುರು ಮಾಡಿದ್ದು, 1894ರಲ್ಲಿ ಕಿಟೆಲ್ ನಿಘಂಟು ಅಚ್ಚಾಗಿದ್ದು ಬಾಸೆಲ್ ಮಿಷನ್ ಅನ್ನೋ ಕ್ರೈಸ್ತ ಸಂಸ್ಥೆಯೋರಿಂದ, ಆ ಋಣ ಕನ್ನಡಿಗರ ಮೇಲಿದೆ, ನನಗಂತೂ ಕಿಟೆಲ್ ಅಂದ್ರೆ ತುಂಬಾ ಗೌರವ. ಆದ್ರೆ ಋಣ ಬೇರೆ, ಸತ್ಯ ಬೇರೆ. ನಿಘಂಟು ಮಾಡಿದೋರು ಒಳ್ಳೆಯವರು ಅನ್ನೋದರಿಂದ ಯೇಸು ಎದ್ದು ಬಂದ ಅಂತ ಸಾಬೀತಾಗಲ್ಲ.

ಯಾವ ಅಳತೆ ಇಟ್ಕೊಳ್ಳೋದು

ಹೊಸ ಅಳತೆಕೋಲು ಹುಡುಕೋ ಅಗತ್ಯ ಇಲ್ಲ, ನಮ್ಮ ತರ್ಕಶಾಸ್ತ್ರದಲ್ಲೇ ಇದೆ. ಪ್ರತ್ಯಕ್ಷ, ಅನುಮಾನ, ಆಪ್ತವಾಕ್ಯ. ಕಣ್ಣಾರೆ ಕಂಡದ್ದೇನು, ಕಂಡದ್ದರಿಂದ ಊಹಿಸಬಹುದಾದ್ದೇನು, ನಂಬಿಕಸ್ಥನೊಬ್ಬ ಹೇಳಿದ್ದರಿಂದ ಒಪ್ಪಿಕೊಳ್ಳೋದೇನು. ಮೂರನೇದರಲ್ಲಿ ಒಂದು ಷರತ್ತಿದೆ, ಹೇಳಿದೋನು ವಿಷಯ ಬಲ್ಲವನಾಗಿರ್ಬೇಕು, ಸುಳ್ಳು ಹೇಳದವನಾಗಿರ್ಬೇಕು. ಪ್ರತ್ಯಕ್ಷ ಕಂಡರೂ ಪ್ರಮಾಣಿಸಿ ನೋಡು ಅಂತ ಗಾದೆನೇ ಇದೆಯಲ್ಲ. ಯಾವ ಧರ್ಮದ ಮಧ್ಯದಲ್ಲೂ ಪರೀಕ್ಷೆಗೆ ಸಿಗದ ಒಂದು ತಿರುಳು ಇರುತ್ತೆ, ಅದನ್ನ ಅಲ್ಲಾಡಿಸೋಕೆ ಆಗಲ್ಲ. ಆದ್ರೆ ಸುತ್ತ ಪರೀಕ್ಷೆಗೆ ಸಿಗೋ ಮಾತುಗಳೂ ಇರ್ತವೆ, ಇಂಥ ವರ್ಷ, ಇಂಥ ಊರು, ಇಂಥ ಮನುಷ್ಯ, ಇಂಥ ಮೆಷಿನ್ನು. ಆ ಸಿಗೋ ಮಾತುಗಳು ನಿಂತ್ರೆ ಸಿಗದ ಮಾತಿನ ಮೇಲೆ ಸ್ವಲ್ಪ ಭರವಸೆ ಬರುತ್ತೆ, ಅವೇ ಬಿದ್ದುಹೋದ್ರೆ ಒಳಗಿನ ಮಾತನ್ನ ನಂಬೋಕೆ ಕಾರಣ ಏನು ಉಳೀತು? ನನ್ನ ವಾದ ಪೂರ್ತಿ ಇಷ್ಟರ ಮೇಲೇ ನಿಂತಿದೆ.

ಸೈಂಟಾಲಜಿ

ಎಲ್. ರಾನ್ ಹಬ್ಬರ್ಡ್, ಹುಟ್ಟಿದ್ದು 1911, ಸತ್ತಿದ್ದು 1986, ಅಮೆರಿಕದ ವೈಜ್ಞಾನಿಕ ಕಥೆಗಾರ. 1950ರ ಮೇ ತಿಂಗಳಲ್ಲಿ ಡಯಾನೆಟಿಕ್ಸ್ ಪುಸ್ತಕ ಬಂತು, ಅದಕ್ಕೆ ಮೊದಲು ಅದರ ಲೇಖನ ಒಂದು ವೈಜ್ಞಾನಿಕ ಕಥೆಗಳ ಮಾಸಪತ್ರಿಕೆಯಲ್ಲೇ ಬಂದಿತ್ತು. ಆಗ ಅವನು ಅದನ್ನ ಧರ್ಮ ಅಂತ ಹೇಳ್ಲಿಲ್ಲ, ಮನಸ್ಸಿನ ಆಧುನಿಕ ವಿಜ್ಞಾನ ಅಂತ ಹೇಳಿದ, ಇದು ಮುಖ್ಯ, ಯಾಕಂದ್ರೆ ವಿಜ್ಞಾನ ಅಂದ್ಮೇಲೆ ಪರೀಕ್ಷೆಗೆ ಒಪ್ಪಿದ ಹಾಗೆ. ಇದೇ ಮುಂದೆ ಸೈಂಟಾಲಜಿ ಆಗಿ, ಚರ್ಚ್ ಅಂತ ರಿಜಿಸ್ಟರ್ ಆಗಿದ್ದು 1953ರ ಡಿಸೆಂಬರ್‌ನಲ್ಲಿ, ನ್ಯೂಜೆರ್ಸಿಯ ಕ್ಯಾಮ್ಡೆನ್‌ನಲ್ಲಿ.

ಪರೀಕ್ಷೆಗಳು ನಡೆದ್ವು. 1950ರ ಆಗಸ್ಟ್‌ನಲ್ಲಿ ಲಾಸ್ ಏಂಜಲೀಸ್‌ನ ಶ್ರೈನ್ ಆಡಿಟೋರಿಯಮ್‌ನಲ್ಲಿ ಸಾವಿರಾರು ಜನರ ಮುಂದೆ ಹಬ್ಬರ್ಡ್ ಒಬ್ಬ ಯುವತಿಯನ್ನ ನಿಲ್ಲಿಸಿ ಈಕೆ 'ಕ್ಲಿಯರ್' ಆಗಿದಾಳೆ ಅಂದ. ಕ್ಲಿಯರ್ ಅಂದ್ರೆ ಎನ್‌ಗ್ರಾಮ್ ಎಲ್ಲಾ ತೊಳೆದುಹೋಗಿ ನೆನಪು ಪೂರ್ತಿ ಚೊಕ್ಕ ಆದೋರು. ಆಕೆ ಓದ್ತಿದ್ದದ್ದು ಫಿಸಿಕ್ಸ್, ಸಭಿಕರು ಒಂದು ಸರಳ ಸೂತ್ರ ಕೇಳಿದ್ರೆ ಹೇಳೋಕಾಗ್ಲಿಲ್ಲ, ಹಬ್ಬರ್ಡ್ ಬೆನ್ನು ತಿರುಗಿಸಿದಾಗ ಅವನ ಟೈ ಬಣ್ಣ ಯಾವುದು ಅಂತಲೂ ಗೊತ್ತಾಗ್ಲಿಲ್ಲ. ಅದೇ ಸೆಪ್ಟೆಂಬರ್‌ನಲ್ಲಿ ಅಮೆರಿಕದ ಮನಶ್ಶಾಸ್ತ್ರಜ್ಞರ ಸಂಘ, ಇದಕ್ಕೆ ಪ್ರಯೋಗದ ಆಧಾರ ಇಲ್ಲ ಅಂತ ಎಚ್ಚರಿಕೆ ಕೊಟ್ಟಿತು. ಆಮೇಲೆ ಇನ್ನೂ ನೇರವಾದ ಒಂದು ಪ್ರಯೋಗ ಆಯ್ತು, 1959ರಲ್ಲಿ ಪ್ರಕಟವಾಯ್ತು. ಪ್ರಜ್ಞೆ ತಪ್ಪಿದಾಗ ಕೇಳಿದ್ದು ಪದ ಪದವಾಗಿ ಎನ್‌ಗ್ರಾಮ್‌ನಲ್ಲಿ ದಾಖಲಾಗುತ್ತೆ ಅನ್ನೋದು ಹಬ್ಬರ್ಡ್ ಸಿದ್ಧಾಂತ. ಒಬ್ಬನಿಗೆ ಔಷಧಿ ಕೊಟ್ಟು ಪ್ರಜ್ಞೆ ತಪ್ಪಿಸಿ, ಫಿಸಿಕ್ಸ್ ಪುಸ್ತಕದಿಂದ 35 ಪದ ಓದಿ ಹೇಳಿ, ಆಮೇಲೆ ತಿಂಗಳುಗಟ್ಟಲೆ ಡಯಾನೆಟಿಕ್ಸ್‌ನೋರಿಂದಲೇ ಆಡಿಟಿಂಗ್, ಅಂದ್ರೆ ಪ್ರಶ್ನೆ ಕೇಳಿ ನೆನಪು ಹೊರಗೆ ತೆಗೆಯೋ ಅವರ ವಿಧಾನ, ಮಾಡಿಸಿದ್ರು. ಆ ಸಾಲುಗಳು ಹೊರಗೆ ಬರ್ಲಿಲ್ಲ.

ಆಡಿಟಿಂಗ್ ಅಂದ್ರೆ ಎದುರಾಎದುರು ಕೂತು ಒಬ್ಬರು ಪ್ರಶ್ನೆ ಕೇಳೋದು, ಇನ್ನೊಬ್ಬರು ಹಳೇ ನೋವನ್ನ ಮತ್ತೆ ಮತ್ತೆ ನೆನಪು ಮಾಡ್ಕೊಂಡು ಹೇಳೋದು, ಕೈಯಲ್ಲಿ ಇ-ಮೀಟರ್‌ನ ಎರಡು ಡಬ್ಬಿ ಥರದ ಹಿಡಿಕೆ. ಆ ಮೆಷಿನ್ ಒಳಗೆ ಗುಟ್ಟೇನಿಲ್ಲ, ಚರ್ಮದ ವಿದ್ಯುತ್ ರೋಧ ಎಷ್ಟು ಏರುಪೇರಾಗುತ್ತೆ ಅಂತ ಅಳೆಯೋ ಹಳೇ ಸರ್ಕ್ಯೂಟ್ ಅದು. ಅಂಗೈ ಬೆವರಿದ್ರೆ, ಹಿಡಿತ ಬಿಗಿಯಾದ್ರೆ ಮುಳ್ಳು ಅಲ್ಲಾಡುತ್ತೆ. ಮನಸ್ಸು ಕದಡಿದೆ ಅನ್ನೋದು ಅದಕ್ಕೆ ಗೊತ್ತಾಗಬಹುದು, ಯಾವ ಜನ್ಮದ ಯಾವ ಘಟನೆಯಿಂದ ಕದಡಿದೆ ಅಂತ ಗೊತ್ತಾಗೋಕೆ ದಾರಿನೇ ಇಲ್ಲ. 1963ರಲ್ಲಿ ಅಮೆರಿಕದ ಔಷಧ ಇಲಾಖೆ ವಾಷಿಂಗ್ಟನ್‌ನಲ್ಲಿ ಈ ಮೀಟರುಗಳನ್ನ ಜಪ್ತಿ ಮಾಡಿತು, ಕೇಸು ನಡೆದು 1971ರಲ್ಲಿ ಕೋರ್ಟು, ಧಾರ್ಮಿಕ ಬಳಕೆಗೆ ಮಾತ್ರ ಇಟ್ಕೊಳ್ಳಿ, ರೋಗ ಪತ್ತೆಗೆ ಚಿಕಿತ್ಸೆಗೆ ಇದು ಉಪಯೋಗ ಇಲ್ಲ ಅಂತ ಬರೆದು ಅಂಟಿಸಿ ಅಂದಿತು.

ಇಲ್ಲಿ ಒಂದು ನ್ಯಾಯದ ಮಾತು ಹೇಳ್ಬೇಕು. ಆಡಿಟಿಂಗ್‌ನಿಂದ ಹಗುರ ಆಯ್ತು ಅನ್ನೋರು ಸುಳ್ಳು ಹೇಳ್ತಿಲ್ಲ. ಯಾರೋ ಒಬ್ಬರು ಗಂಟೆಗಟ್ಟಲೆ ಅಡ್ಡ ಮಾತಾಡದೆ, ಬೈಯದೆ, ನಮ್ಮ ಕಷ್ಟ ಕೇಳಿಸ್ಕೊಂಡ್ರೆ ಯಾರಿಗೆ ಹಗುರ ಆಗಲ್ಲ ಹೇಳಿ, ಈ ಊರುಗಳಲ್ಲಿ ಹಾಗೆ ಕೇಳಿಸ್ಕೊಳ್ಳೋರು ಎಷ್ಟು ಜನ ಸಿಗ್ತಾರೆ? ಕ್ಯಾಥೋಲಿಕರ ಪಾಪನಿವೇದನೆಯಲ್ಲೂ ಇದೇ ಹಗುರ ಸಿಗುತ್ತೆ, ಒಳ್ಳೇ ಕೌನ್ಸೆಲರ್ ಹತ್ರವೂ ಸಿಗುತ್ತೆ, ಒಬ್ಬ ಸೋದರಮಾವನ ಹತ್ರವೂ ಸಿಗಬಹುದು. ಅನುಭವ ನಿಜ, ಆದ್ರೆ ಅದರ ಜೊತೆ ಕಟ್ಟಿಕೊಡೋ ವಿವರಣೆ ನಿಜ ಅನ್ನೋಕೆ ಆ ಅನುಭವ ಸಾಲದು. ಎಷ್ಟೋ ಜನ ಜಾರೋದು ಸರಿಯಾಗಿ ಈ ಜಾಗದಲ್ಲೇ.

ಇನ್ನು ಮೇಲಿನ ಹಂತಗಳು. ಕ್ಲಿಯರ್ ಆದ್ಮೇಲೆ ಆಪರೇಟಿಂಗ್ ಥೇಟನ್, ಓಟಿ ಒಂದರಿಂದ ಎಂಟು. ಮೂರನೇ ಹಂತದಲ್ಲಿ ಕೊಡೋ ಬರಹ ಹಬ್ಬರ್ಡ್ 1967ರ ಹೊತ್ತಿಗೆ ಕೈಯಲ್ಲಿ ಬರೆದಿದ್ದು, ಜೀನು ಅನ್ನೋ ದೊರೆ, 76 ಗ್ರಹಗಳ ಒಕ್ಕೂಟ, ಜನಸಂಖ್ಯೆ ಹೆಚ್ಚಾಯ್ತು ಅಂತ ಜನರನ್ನ ಭೂಮಿಗೆ ತಂದು, ಜ್ವಾಲಾಮುಖಿಗಳ ಮೇಲೆ ಹೈಡ್ರೋಜನ್ ಬಾಂಬ್ ಹಾಕಿದ್ದು, ಸತ್ತವರ ಥೇಟನ್‌ಗಳನ್ನ ಪೆಸಿಫಿಕ್ ಕಡೆಯವನ್ನ ಹವಾಯಿಗೆ ಅಟ್ಲಾಂಟಿಕ್ ಕಡೆಯವನ್ನ ಲಾಸ್ ಪಾಲ್ಮಾಸ್‌ಗೆ ಒಯ್ದಿದ್ದು, ಅವೇ ಇವತ್ತೂ ನಮ್ಮ ದೇಹಕ್ಕೆ ಅಂಟ್ಕೊಂಡು ಕಾಟ ಕೊಡ್ತಿರೋದು. ಇದು ಯಾವುದೋ ಪುರಾಣಕಾಲದ ಸಾಂಕೇತಿಕ ಕಥೆ ಅಂತ ಅವನು ಹೇಳ್ಲಿಲ್ಲ, ವರ್ಷ ಜಾಗ ಸಮೇತ ನಡೆದ ಘಟನೆ ಅಂತ ಹೇಳಿದ. ಹಾಗಾದ್ರೆ ನೋಡೋಣ. ಹವಾಯಿಯ ದೊಡ್ಡ ದ್ವೀಪಕ್ಕೆ 10 ಲಕ್ಷ ವರ್ಷವೂ ಆಗಿಲ್ಲ, ಹಳೇದಾದ ಕವಾಯಿಗೂ ಸುಮಾರು 50 ಲಕ್ಷ ವರ್ಷ, ಲಾಸ್ ಪಾಲ್ಮಾಸ್ ಇರೋ ಗ್ರಾನ್ ಕನಾರಿಯಾ ನೀರಿನ ಮೇಲೆ ಎದ್ದು ಒಂದೂವರೆ ಕೋಟಿ ವರ್ಷ ಆಗಿರಬಹುದು. ಏಳೂವರೆ ಕೋಟಿ ವರ್ಷದ ಹಿಂದೆ ಆ ದ್ವೀಪಗಳೇ ಇರ್ಲಿಲ್ಲ. ಅಷ್ಟು ದೂರ ಯಾಕೆ, ಭಾನುವಾರ ಬೆಳಿಗ್ಗೆ ನಾವು ಹತ್ತೋ ಸಿಂಹಗಡ, ಪರ್ವತಿ ಗುಡ್ಡ, ಎಕ್ಸ್‌ಪ್ರೆಸ್ ವೇಯಲ್ಲಿ ಖಂಡಾಲಾ ಘಾಟ್ ದಾಟುವಾಗ ಎರಡೂ ಕಡೆ ಕಾಣೋ ಕಪ್ಪು ಕಲ್ಲು, ಇವೆಲ್ಲಾ ಸುಮಾರು 6.6 ಕೋಟಿ ವರ್ಷದ ಹಿಂದೆ ಉಕ್ಕಿದ ಲಾವಾ, ಹಬ್ಬರ್ಡ್ ಹೇಳೋ ಕಾಲಕ್ಕೆ ಈ ಕಲ್ಲೂ ಹುಟ್ಟಿರ್ಲಿಲ್ಲ. ನಿಜವಾಗಿ ಅಷ್ಟು ಹಿಂದೆ ಬೆಂಕಿ ಉಕ್ಕಿದ್ರೆ ಕಲ್ಲು ಅದನ್ನ ಹೇಳುತ್ತೆ, ಪುಣೆಯ ಕಲ್ಲು ತನ್ನ ಕಥೆ ಹೇಳ್ತಾ ಇದೆ. 1963ರ ಇನ್ನೊಂದು ಬರಹದಲ್ಲಿ ಹಬ್ಬರ್ಡ್ ತಾನು ಸ್ವರ್ಗಕ್ಕೆ ಹೋಗಿದ್ದೆ ಅಂತ ಹೇಳಿ 43 ಲಕ್ಷ ಕೋಟಿ ವರ್ಷದ ಹಿಂದಿನ ಲೆಕ್ಕ ಕೊಡ್ತಾನೆ, ವಿಶ್ವದ ವಯಸ್ಸೇ ಸುಮಾರು 1,380 ಕೋಟಿ ವರ್ಷ.

ಮೂರನೇ ಹಂತದ ವಿಷಯವನ್ನ ತಯಾರಿ ಇಲ್ದೆ ಮುಟ್ಟಿದೋರಿಗೆ ನ್ಯುಮೋನಿಯಾ ಥರ ಕಾಯಿಲೆ ಬಂದು ಜೀವಕ್ಕೇ ಅಪಾಯ ಅಂತಲೂ ಅವನು ಹೇಳಿದ್ದ. 1985ರಲ್ಲಿ ಲಾಸ್ ಏಂಜಲೀಸ್ ಕೋರ್ಟಿನ ಒಂದು ಕೇಸಿನಲ್ಲಿ ಆ ಕಾಗದ ಹೊರಗೆ ಬಂತು, ಪತ್ರಿಕೆಯಲ್ಲಿ ಅಚ್ಚಾಯ್ತು, ತೊಂಬತ್ತರ ದಶಕದಲ್ಲಿ ಇಂಟರ್ನೆಟ್‌ಗೆ ಬಂತು, ಆಗಿಂದ ಲೆಕ್ಕ ಇಲ್ಲದಷ್ಟು ಜನ ಓದಿದಾರೆ. ಯಾರಿಗೂ ಏನೂ ಆಗ್ಲಿಲ್ಲ. ಇದನ್ನ ನಾನು ಸಣ್ಣ ವಿಷಯ ಅಂತ ಬಿಡಲ್ಲ, ಯಾಕಂದ್ರೆ ಹಬ್ಬರ್ಡ್ ತಾನೇ ಹಾಕಿದ ಪರೀಕ್ಷೆ ಅದು.

ಹಾಗಾದ್ರೆ ಉಳಿದಿದ್ದು ಆಪ್ತವಾಕ್ಯ, ಹಬ್ಬರ್ಡ್‌ನ ಮಾತು ಮಾತ್ರ. ಏಳೂವರೆ ಕೋಟಿ ವರ್ಷದ ಘಟನೆಗೆ ಬೇರೆ ಸಾಕ್ಷಿ ಒಬ್ಬನೂ ಇಲ್ಲ. ಅವನೋ, ತಾನು ಪರಮಾಣು ವಿಜ್ಞಾನ ಬಲ್ಲೆ ಅಂತ ಹೇಳ್ಕೋತಿದ್ದ, ಕಾಲೇಜು ಡಿಗ್ರಿ ಮುಗಿಸದೆ ಬಿಟ್ಟೋನು. ಯುದ್ಧದಲ್ಲಿ ಗಾಯಗೊಂಡು ಕುರುಡಾಗಿ ತನ್ನ ವಿದ್ಯೆಯಿಂದಲೇ ವಾಸಿಯಾದೆ ಅಂದ, ನೌಕಾಪಡೆಯ ದಾಖಲೆ ಹಾಗೆ ಹೇಳಲ್ಲ. 1984ರಲ್ಲಿ ಕ್ಯಾಲಿಫೋರ್ನಿಯಾದ ಒಬ್ಬ ನ್ಯಾಯಾಧೀಶರು ದಾಖಲೆ ಎಲ್ಲಾ ನೋಡಿ, ತನ್ನ ಹಿನ್ನೆಲೆ ಸಾಧನೆ ವಿಷಯದಲ್ಲಿ ಈ ಮನುಷ್ಯ ಸುಳ್ಳು ಹೇಳೋ ಚಟ ಇದ್ದೋನ ಹಾಗೆ ಕಾಣ್ತಾನೆ ಅಂತ ತೀರ್ಪಿನಲ್ಲಿ ಬರೆದ್ರು. ಆಪ್ತ ಅನ್ನೋಕೆ ಬೇಕಾದ ಎರಡು ಷರತ್ತೂ ಇಲ್ಲಿ ಬಿದ್ದುಹೋಗ್ತವೆ.

ಕ್ರೈಸ್ತ ಧರ್ಮ

ಇಲ್ಲಿ ಪರೀಕ್ಷೆಗೆ ಸಿಗೋ ಮಾತುಗಳು ಬೇರೆ ಥರ ಇವೆ. ಯೇಸು ಅನ್ನೋನು ಇದ್ದ, ಪೊಂತಿಯುಸ್ ಪಿಲಾತ ಅನ್ನೋ ರೋಮನ್ ಅಧಿಕಾರಿ ಕಾಲದಲ್ಲಿ ಶಿಲುಬೆಗೆ ಹಾಕಿಸ್ಕೊಂಡ, ಸುಮಾರು ಕ್ರಿಸ್ತಶಕ 30ರ ಆಸುಪಾಸು. ಇದನ್ನ ಕ್ರೈಸ್ತರಲ್ಲದ ಟ್ಯಾಸಿಟಸ್ ಹೇಳ್ತಾನೆ, ಯೆಹೂದಿ ಇತಿಹಾಸಕಾರ ಜೋಸೆಫಸ್ ಯೇಸುವಿನ ಸೋದರ ಯಾಕೋಬನನ್ನ ಕೊಂದಿದ್ದನ್ನ ಬರೀತಾನೆ, 1961ರಲ್ಲಿ ಇಸ್ರೇಲಿನ ಸಿಸೇರಿಯಾದಲ್ಲಿ ಪಿಲಾತನ ಹೆಸರು ಕೊರೆದ ಕಲ್ಲೇ ಸಿಕ್ತು. ದೇವರನ್ನ ನಂಬದ ಇತಿಹಾಸಕಾರರಲ್ಲೂ ಹೆಚ್ಚಿನೋರು ಇಷ್ಟನ್ನ ಒಪ್ತಾರೆ. ಹಬ್ಬರ್ಡ್ 1968ರ ಒಂದು ಉಪನ್ಯಾಸದಲ್ಲಿ ಕ್ರಿಸ್ತನೇ ಇರ್ಲಿಲ್ಲ, ಶಿಲುಬೆಯ ಚಿತ್ರ ಆ ಜೀನು ದೊರೆಯ ಘಟನೆಯಲ್ಲಿ ಮನಸ್ಸಿಗೆ ತುಂಬಿದ್ದು ಅನ್ನೋ ಅರ್ಥದಲ್ಲಿ ಮಾತಾಡಿದ. ಹಾಗಾಗಿ ಕ್ರೈಸ್ತರಾಗಿ ಇದ್ಕೊಂಡೇ ಸೈಂಟಾಲಜಿಸ್ಟ್ ಆಗಬಹುದು ಅಂತ ಹೊರಬಾಗಿಲಲ್ಲಿ ಹೇಳಿದ್ರೂ, ಒಳಗೆ ಹೋದಂಗೆ ಎರಡೂ ಒಟ್ಟಿಗೆ ನಿಲ್ಲಲ್ಲ. ನೇರ ಎದುರಾಗೋ ಈ ಒಂದು ಮಾತಲ್ಲಿ ಸಾಕ್ಷ್ಯ ಪೂರ್ತಿ ಒಂದು ಕಡೆಗಿದೆ.

ಆದ್ರೆ ಇದ್ದ, ಸತ್ತ ಅನ್ನೋದು ಕ್ರೈಸ್ತ ಧರ್ಮ ಅಲ್ಲ. ಎದ್ದು ಬಂದ ಅನ್ನೋದು ಕ್ರೈಸ್ತ ಧರ್ಮ. ಮೊದಮೊದಲ ಧರ್ಮಪ್ರಚಾರಕ ಪೌಲನೇ ಕೊರಿಂಥದವರಿಗೆ ಬರೆದ ಮೊದಲ ಪತ್ರದ 15ನೇ ಅಧ್ಯಾಯದಲ್ಲಿ ಕ್ರಿಸ್ತ ಎದ್ದಿಲ್ಲ ಅಂದ್ರೆ ನಿಮ್ಮ ನಂಬಿಕೆ ವ್ಯರ್ಥ ಅಂತ ಹೇಳಿಬಿಡ್ತಾನೆ, ನನಗೆ ಈ ಧೈರ್ಯ ಇಷ್ಟ. ಆ ಪತ್ರ ಬರೆದಿದ್ದು ಸುಮಾರು 55ರಲ್ಲಿ, ಘಟನೆ ಆಗಿ 25 ವರ್ಷದೊಳಗೆ. ಯಾರ್ಯಾರಿಗೆ ಕಾಣಿಸಿಕೊಂಡ ಅಂತ ಹೆಸರು ಹೇಳ್ತಾನೆ, ಯೇಸುವಿನ ಶಿಷ್ಯ ಪೇತ್ರ, ಯಾಕೋಬ, ಐನೂರಕ್ಕೂ ಹೆಚ್ಚು ಜನ, ಅವರಲ್ಲಿ ಹೆಚ್ಚಿನೋರು ಇನ್ನೂ ಬದುಕಿದಾರೆ ಅಂತಾನೆ. ಗಲಾತ್ಯದವರಿಗೆ ಬರೆದ ಪತ್ರದಲ್ಲಿ ತಾನು ಜೆರುಸಲೇಮಿಗೆ ಹೋಗಿ ಪೇತ್ರನ ಜೊತೆ 15 ದಿನ ಇದ್ದೆ, ಯಾಕೋಬನನ್ನೂ ಕಂಡೆ ಅಂತ ಬರೀತಾನೆ. ಅಂದ್ರೆ ಸಾಕ್ಷಿಗಳ ಹತ್ರ ಹೋಗಿ ಬಂದೋನ ಮಾತು ಇದು. ಅದರಲ್ಲಿ ಕೆಲವರು ಆ ಮಾತಿಗಾಗಿ ಜೀವ ಕೊಟ್ರು. ಜೀವ ಕೊಟ್ಟಿದ್ದು ಅವರ ಪ್ರಾಮಾಣಿಕತೆಗೆ ಸಾಕ್ಷಿ, ಆ ಮಾತು ನಿಜ ಅನ್ನೋದಕ್ಕೆ ಅಲ್ಲ, ತಪ್ಪು ತಿಳ್ಕೊಂಡೂ ಜನ ಜೀವ ಕೊಡ್ತಾರೆ. ಆದ್ರೂ ಪ್ರಾಮಾಣಿಕ ಸಾಕ್ಷಿಗಳ ಗುಂಪು ಒಂದು ಕಡೆ, ಸಾಕ್ಷಿನೇ ಇಲ್ಲದ ಒಬ್ಬನ ಕೈಬರಹ ಇನ್ನೊಂದು ಕಡೆ.

ಈಗ ಅದರ ದುರ್ಬಲ ಜಾಗಗಳು, ಇವನ್ನ ಚರ್ಚಿನೋರು ಮೊದಲೇ ಹೇಳಲ್ಲ, ನೀವೇ ಕೇಳ್ಬೇಕು. ಪೌಲ ತಾನು ಕಂಡಿದ್ದು ದರ್ಶನದಲ್ಲಿ, ಬದುಕಿದ್ದಾಗ ಯೇಸು ಜೊತೆ ಓಡಾಡಿದೋನಲ್ಲ. ಸುವಾರ್ತೆ ಅಂದ್ರೆ ಯೇಸುವಿನ ಬದುಕು ಹೇಳೋ ಬೈಬಲಿನ ಪುಸ್ತಕ, ಅಂಥ ನಾಲ್ಕರಲ್ಲಿ ಮೊದಲನೇದಾದ ಮಾರ್ಕನದ್ದು ಸುಮಾರು 70ರದ್ದು, ಯೊವಾನ್ನನದ್ದು 90ರ ಆಚೆಯದ್ದು, ಬರೆದೋರ ಹೆಸರು ಒಳಗೆಲ್ಲೂ ಇಲ್ಲ. ಸಮಾಧಿ ಹತ್ರ ಹೋದ ಹೆಂಗಸರು ಎಷ್ಟು ಜನ, ಅಲ್ಲಿ ಕಂಡಿದ್ದು ಒಬ್ಬ ದೂತನಾ ಇಬ್ಬರಾ ಅನ್ನೋದು ಒಂದೊಂದರಲ್ಲಿ ಒಂದೊಂದು ಥರ. ತೀರಾ ಹಳೇ ಪ್ರತಿಗಳಲ್ಲಿ ಮಾರ್ಕನ ಪುಸ್ತಕ ಹೆಂಗಸರು ಹೆದರಿ ಯಾರಿಗೂ ಏನೂ ಹೇಳ್ಲಿಲ್ಲ ಅನ್ನೋ ಸಾಲಿಗೇ ನಿಂತುಹೋಗುತ್ತೆ, ಮುಂದಿನ ಸಾಲುಗಳು ಆಮೇಲೆ ಸೇರಿದ್ದು. ಲೂಕ ಹೇಳೋ, ಕುರೇನ್ಯ ಅನ್ನೋ ರೋಮನ್ ಅಧಿಕಾರಿಯ ಜನಗಣತಿ ಆಗಿದ್ದು ಕ್ರಿಸ್ತಶಕ 6ರಲ್ಲಿ, ಮತ್ತಾಯ ಹೇಳೋ ಹೆರೋದ ರಾಜ ಸತ್ತಿದ್ದು ಕ್ರಿಸ್ತಪೂರ್ವ 4ರಲ್ಲಿ, ಒಂದೇ ಮಗುವಿನ ಹುಟ್ಟಿಗೆ ಎರಡೂ ಹೊಂದಲ್ಲ. ಎಲ್ಲಕ್ಕಿಂತ ದೊಡ್ಡದು, ಈ ಪೀಳಿಗೆ ಗತಿಸೋ ಮುಂಚೆ ಇದೆಲ್ಲಾ, ಅಂದ್ರೆ ಕೊನೆಗಾಲದ ಘಟನೆಗಳೆಲ್ಲಾ, ಆಗುತ್ತೆ ಅಂತ ಮಾರ್ಕನ 13ನೇ ಅಧ್ಯಾಯದಲ್ಲಿ ಇರೋ ಮಾತು, ಪೌಲನೂ ತನ್ನ ಕಾಲದಲ್ಲೇ ಕ್ರಿಸ್ತ ವಾಪಸ್ ಬರ್ತಾನೆ ಅಂತ ಕಾಯ್ತಿದ್ದ, ಆ ಪೀಳಿಗೆ ಹೋಗಿ ಎರಡು ಸಾವಿರ ವರ್ಷ ಆಗ್ತಾ ಬಂತು. ಇದಕ್ಕೆ ಪಾದ್ರಿಗಳು ಕೊಡೋ ಉತ್ತರಗಳನ್ನ ಓದಿದೀನಿ, ನನಗೆ ಒಪ್ಪಿಗೆ ಆಗಿಲ್ಲ.

ಪ್ರಾರ್ಥನೆಯ ವಿಷಯದಲ್ಲೂ ಪ್ರಯೋಗ ಆಗಿದೆ. 2006ರಲ್ಲಿ ಪ್ರಕಟವಾದ ಅಮೆರಿಕದ ಅಧ್ಯಯನ, ಹೃದಯದ ಬೈಪಾಸ್ ಆದ 1,802 ಜನ, ಅಪರಿಚಿತರು ಅವರಿಗಾಗಿ ಪ್ರಾರ್ಥನೆ ಮಾಡಿದ್ರು. ಮಾಡಿಸ್ಕೊಂಡೋರಿಗೂ ಇಲ್ಲದೋರಿಗೂ ವ್ಯತ್ಯಾಸ ಬರ್ಲಿಲ್ಲ, ನಮಗಾಗಿ ಪ್ರಾರ್ಥನೆ ನಡೀತಿದೆ ಅಂತ ಗೊತ್ತಿದ್ದೋರಲ್ಲಿ ತೊಂದರೆ ಸ್ವಲ್ಪ ಜಾಸ್ತಿನೇ ಕಂಡಿತು. ಹಾಗಾಗಿ ಹುಷಾರಿಲ್ಲದಾಗ ಪ್ರಾರ್ಥನೆ ಸಾಕು ಮಾತ್ರೆ ಬೇಡ ಅಂತ ಯಾರಾದ್ರೂ ಹೇಳಿದ್ರೆ, ಅದು ಯಾವ ಧರ್ಮದ ಸಭೆ ಆದ್ರೂ ಸರಿ, ಎದ್ದು ಬನ್ನಿ.

ಇನ್ನೊಂದು ಕಡೆ ಕ್ರೈಸ್ತ ಧರ್ಮದಲ್ಲಿ ತಿರುಳು ಯಾವುದು, ಹೊರಗಿನದ್ದು ಯಾವುದು ಅಂತ ಬಿಡಿಸಿ ನೋಡಬಹುದು, ಇದು ಅದರ ಬಲ. ಹಳೇ ಗೋವಾದ ಬಾಮ್ ಜೀಸಸ್ ಬಸಿಲಿಕಾದಲ್ಲಿ ಸಂತ ಫ್ರಾನ್ಸಿಸ್ ಜೇವಿಯರ್ ಅವರ ದೇಹ ಇದೆ, 1552ರಲ್ಲಿ ಚೀನಾ ಕರಾವಳಿಯ ದ್ವೀಪದಲ್ಲಿ ತೀರ್ಕೊಂಡೋರು, ದೇಹ ಕೊಳೆಯದೆ ಉಳಿದಿದೆ ಅಂತ ಭಕ್ತರು ನಂಬ್ತಾರೆ, 2024ರ ಕೊನೆಯಿಂದ 2025ರ ಜನವರಿ ತನಕ ದರ್ಶನಕ್ಕೆ ಇಟ್ಟಾಗ ಜನಸಾಗರ. ಹತ್ರದಿಂದ ನೋಡಿದ್ರೆ ಅದು ಒಣಗಿ ಕುಗ್ಗಿದ ದೇಹ. ಈ ಪವಾಡ ಸುಳ್ಳು ಅಂತ ನಾಳೆ ತೀರ್ಮಾನ ಆದ್ರೂ ಕ್ರೈಸ್ತ ಧರ್ಮಕ್ಕೆ ಏನೂ ಆಗಲ್ಲ. ವಿಕಾಸವಾದ ಬಂದಾಗಲೂ ಅಷ್ಟೇ, ಡಯಾನೆಟಿಕ್ಸ್ ಬಂದ ಅದೇ 1950ರಲ್ಲಿ ಪೋಪ್ ಹನ್ನೆರಡನೇ ಪಯಸ್ ಆ ಬಗ್ಗೆ ವಿದ್ವಾಂಸರು ಚರ್ಚೆ ಮಾಡೋಕೆ ಅಡ್ಡಿ ಇಲ್ಲ ಅಂದ್ರು, 1996ರಲ್ಲಿ ಎರಡನೇ ಜಾನ್ ಪಾಲ್ ಇದು ಬರೀ ಊಹೆ ಅಲ್ಲ ಅಂತ ಒಪ್ಪಿದ್ರು, ವಿಶ್ವ ಹಿಗ್ಗುತ್ತಿದೆ ಅಂತ ಮೊದಲು ಲೆಕ್ಕ ಹಾಕಿದೋರಲ್ಲಿ ಲೆಮೈತ್ರ್ ಅನ್ನೋ ಪಾದ್ರಿನೇ ಒಬ್ಬರು. ಭೂಮಿಗೆ ಆರು ಸಾವಿರ ವರ್ಷ ಅನ್ನೋ ಕ್ರೈಸ್ತ ಪಂಗಡಗಳೂ ಇವೆ, ಅವರ ಮಾತು ಸಿಂಹಗಡದ ಕಲ್ಲಿನ ಮುಂದೆ ಹಬ್ಬರ್ಡ್ ಮಾತಿನಷ್ಟೇ ಬೇಗ ಬಿದ್ದುಹೋಗುತ್ತೆ. ಆದ್ರೆ ಸೈಂಟಾಲಜಿಯಲ್ಲಿ ತಿದ್ದೋಕೆ ಅವಕಾಶನೇ ಇಲ್ಲ, ಹಬ್ಬರ್ಡ್ ಬರೆದಿದ್ದನ್ನ ಒಂದಕ್ಷರ ಬದಲಾಯಿಸದೆ ಪಾಲಿಸ್ಬೇಕು ಅಂತ ಅವನೇ 1965ರಲ್ಲಿ ಕಟ್ಟಪ್ಪಣೆ ಮಾಡಿಟ್ಟ.

ಗುಟ್ಟು, ದುಡ್ಡು, ಬಿಟ್ಟು ಹೋಗೋದು

ಬೈಬಲ್ ಕನ್ನಡದಲ್ಲಿ ಫ್ರೀಯಾಗಿ ಓದೋಕೆ ಸಿಗುತ್ತೆ, ಒಪ್ಪೋಕೆ ಕಷ್ಟ ಆಗೋ ಭಾಗಗಳೂ ಅದರಲ್ಲೇ ಇವೆ, ಮುಚ್ಚಿಟ್ಟಿಲ್ಲ. ಸೈಂಟಾಲಜಿಯಲ್ಲಿ ತಿರುಳೇ ಗುಟ್ಟು, ಹಂತ ಹಂತಕ್ಕೆ ದುಡ್ಡು ಕಟ್ಟಿ ಮೇಲೆ ಹೋದ್ಮೇಲೆ ಗೊತ್ತಾಗೋದು, ಲಕ್ಷಾಂತರ ಡಾಲರ್ ಖರ್ಚಾಯ್ತು ಅಂತ ಬಿಟ್ಟು ಬಂದೋರು ಹೇಳಿದಾರೆ. ಪುಣೆಯಲ್ಲಿ ಫ್ಲ್ಯಾಟ್ ತಗೊಳ್ಳೋವಾಗ ಬಿಲ್ಡರ್ ಪೂರ್ತಿ ದುಡ್ಡು ಕಟ್ಟಿ ಆಮೇಲೆ ಅಗ್ರಿಮೆಂಟ್ ಓದೋಕೆ ಕೊಡ್ತೀನಿ ಅಂದ್ರೆ ನಾವು ಒಪ್ತೀವಾ?

ಸಂಸ್ಥೆಯ ನಡತೆ ಬೇರೆ, ನಂಬಿಕೆಯ ಸತ್ಯ ಬೇರೆ ಅನ್ನೋದನ್ನ ಗೋವಾ ಪಕ್ಕದಲ್ಲೇ ಇರೋ ನಾವು ಮರೆಯಬಾರದು. 1560ರಿಂದ 1812ರ ತನಕ, ಮಧ್ಯೆ ಕೆಲವು ವರ್ಷ ಬಿಟ್ಟು, ಗೋವಾದಲ್ಲಿ ಇನ್‌ಕ್ವಿಸಿಷನ್ ಅನ್ನೋ ಚರ್ಚಿನ ಧರ್ಮವಿಚಾರಣೆ ನಡೀತು, ಮತಾಂತರ ಆದೋರು ಮನೆಯಲ್ಲಿ ಹಳೇ ಪದ್ಧತಿ ಇಟ್ಕೊಂಡ್ರೆ ವಿಚಾರಣೆ, ಜೈಲು, ಕೆಲವರಿಗೆ ಬೆಂಕಿ. ಅದನ್ನ ಗೋವಾಕ್ಕೆ ತರಿಸಿ ಅಂತ ಪೋರ್ಚುಗಲ್ ರಾಜನಿಗೆ 1546ರಲ್ಲಿ ಕೇಳಿಕೊಂಡಿದ್ದು ಇದೇ ಫ್ರಾನ್ಸಿಸ್ ಜೇವಿಯರ್. ಕರಾವಳಿ ಕನ್ನಡ ನಾಡಿಗೆ ಕೊಂಕಣಿ ಜನ ವಲಸೆ ಬಂದ ಕಾರಣಗಳಲ್ಲಿ ಅದೂ ಒಂದು. ಇದನ್ನ ಹಗುರ ಮಾಡಿ ಹೇಳೋ ಹಕ್ಕು ಯಾರಿಗೂ ಇಲ್ಲ. ಆದ್ರೆ ಇವತ್ತು ಬಾಂದ್ರಾದ ಒಬ್ಬ ಹುಡುಗ ನಾನಿನ್ನು ಚರ್ಚಿಗೆ ಬರಲ್ಲ ಅಂದ್ರೆ ತಾಯಿ ಅಳಬಹುದು, ಬೇರೇನೂ ಆಗಲ್ಲ. ಸೈಂಟಾಲಜಿಯಲ್ಲಿ ಡಿಸ್‌ಕನೆಕ್ಷನ್ ಅನ್ನೋದು ಈಗಲೂ ಇದೆ, ಬಿಟ್ಟು ಹೋಗಿ ಟೀಕೆ ಮಾಡಿದೋರ ಜೊತೆ ಒಳಗಿರೋ ಅಪ್ಪ ಅಮ್ಮ ಮಕ್ಕಳೂ ಸಂಬಂಧ ಕಡ್ಕೊಳ್ತಾರೆ. 1979ರಲ್ಲಿ ಅಮೆರಿಕದ ಸರ್ಕಾರಿ ಕಚೇರಿಗಳಿಂದ ಕಾಗದ ಕದ್ದ ಕೇಸಲ್ಲಿ ಹಬ್ಬರ್ಡ್ ಹೆಂಡತಿ ಸೇರಿ ಪದಾಧಿಕಾರಿಗಳಿಗೆ ಶಿಕ್ಷೆ ಆಯ್ತು. ಅಮೆರಿಕ 1993ರಲ್ಲಿ ಧರ್ಮ ಅಂತ ತೆರಿಗೆ ವಿನಾಯಿತಿ ಕೊಟ್ಟಿದೆ, ಫ್ರಾನ್ಸ್ ಕೋರ್ಟು 2009ರಲ್ಲಿ ಸಂಘಟಿತ ವಂಚನೆ ಅಂತ ದಂಡ ಹಾಕಿದೆ. ತೆರಿಗೆ ಇಲಾಖೆ ಒಪ್ಪಿದ್ದಕ್ಕೂ ನಂಬಿಕೆ ನಿಜ ಆಗೋದಕ್ಕೂ ಸಂಬಂಧ ಇಲ್ಲ ಅನ್ನೋದನ್ನ ನೆನಪಿಟ್ಕೊಳ್ಳಿ.

ನನ್ನ ತೀರ್ಮಾನ

ನಂಬೋ ಹಾಗಿದೆಯಾ ಅಂತ ಮಾತ್ರ ಕೇಳಿದ್ರೆ ಎರಡೂ ಸಮ ಅಲ್ಲವೇ ಅಲ್ಲ. ಕ್ರೈಸ್ತ ಧರ್ಮದಲ್ಲಿ ಇತಿಹಾಸದ ನೆಲ ಇದೆ, ಆ ನೆಲದ ಮೇಲೆ ಸಾಬೀತು ಮಾಡೋಕಾಗದ ಒಂದು ಪವಾಡ ಇದೆ, ತಪ್ಪಿಹೋದ ಒಂದು ಭವಿಷ್ಯವಾಣಿ ಇದೆ. ಸತ್ತ ದೇಹ ಎದ್ದಿತು ಅಂತ ಒಪ್ಪೋಕೆ ಆ ಸಾಕ್ಷ್ಯ ನನಗೆ ಸಾಲಲಿಲ್ಲ, ಆದ್ರೆ ಅದನ್ನ ಪೂರ್ತಿ ಓದಿ ಸಾಕು ಅನ್ನೋ ಬುದ್ಧಿವಂತರನ್ನ ನಾನು ಬಲ್ಲೆ, ಅವರ ಜೊತೆ ವಾದ ಮಾಡೋಕೆ ಜಾಗ ಇದೆ. ಸೈಂಟಾಲಜಿಯಲ್ಲಿ ಪರೀಕ್ಷೆಗೆ ಸಿಕ್ಕ ಮಾತು ನಾನು ನೋಡಿದಷ್ಟರಲ್ಲಿ ಒಂದೂ ನಿಲ್ಲಲಿಲ್ಲ. ಥೇಟನ್ ನಮ್ಮ ಆತ್ಮದ ಥರ ಇದೆಯಲ್ಲ ಅನ್ನೋರಿಗೆ ಹೇಳೋದಿಷ್ಟೇ, ಆತ್ಮದ ವಿಚಾರ ಬೇಕು ಅಂದ್ರೆ ಅದನ್ನ ಬಿಟ್ಟಿಯಾಗಿ ಹೇಳಿಕೊಡೋರು ನಮ್ಮಲ್ಲಿ ಸಾಕಷ್ಟು ಜನ ಇದಾರೆ, ಅದಕ್ಕೆ ಮೀಟರ್ ಹಿಡ್ಕೊಂಡು ಕೂರ್ಬೇಕಾಗಿಲ್ಲ.

ನೀವೇ ನೋಡಿ ತೀರ್ಮಾನ ಮಾಡ್ಬೇಕು ಅಂತಿದ್ರೆ, ಮಾರ್ಕನ ಸುವಾರ್ತೆ ಹದಿನಾರೇ ಅಧ್ಯಾಯ, ಒಂದು ರಾತ್ರಿಗೆ ಮುಗಿಯುತ್ತೆ, ಅದನ್ನ ಓದಿ, ಆಮೇಲೆ ಕೊರಿಂಥದ ಪತ್ರದ 15ನೇ ಅಧ್ಯಾಯ. ಡಯಾನೆಟಿಕ್ಸ್ ಮುಂಬೈನ ಫೋರ್ಟ್ ಕಡೆ ಫುಟ್‌ಪಾತಿನ ಹಳೇ ಪುಸ್ತಕದೋರ ಹತ್ರ ಸಿಕ್ರೆ ತಗೊಂಡು ಓದಿ, ಓದೋದರಿಂದ ಏನೂ ಆಗಲ್ಲ. 200 ಪ್ರಶ್ನೆಯ ಫ್ರೀ ಪರ್ಸನಾಲಿಟಿ ಟೆಸ್ಟ್ ಅಂತ ಯಾರಾದ್ರೂ ಕೊಟ್ರೆ, ಅದರ ಹೆಸರಲ್ಲಿ ಆಕ್ಸ್‌ಫರ್ಡ್ ಇದ್ರೂ ಆ ಯೂನಿವರ್ಸಿಟಿಗೂ ಅದಕ್ಕೂ ಸಂಬಂಧ ಇಲ್ಲ, ಫೋನ್ ನಂಬರ್ ಬರೆದು ಕೊಡಬೇಡಿ. ಮನಸ್ಸು ತೀರಾ ಕುಗ್ಗಿ ನಿದ್ದೆ ಬರ್ತಿಲ್ಲ, ಬದುಕೇ ಬೇಡ ಅನ್ನಿಸ್ತಿದೆ ಅಂದ್ರೆ ಯಾವ ಧರ್ಮ ಸರಿ ಅನ್ನೋ ಲೆಕ್ಕ ಆಮೇಲೆ ಮಾಡೋಣ, ಟೆಲಿಮಾನಸ್ ಅಂತ ಸರ್ಕಾರದ ಸಹಾಯವಾಣಿ ಇದೆ, 14416, ಅಲ್ಲಿ ಕನ್ನಡದಲ್ಲೂ ಮಾತಾಡಬಹುದು.